ಪಕ್ಕದವಳ ಪದಕ

ಹದಿನೆಂಟು ವರ್ಷ ಒಂದೇ ತಂಡದಲ್ಲಿ ಕುಣಿದಿದ್ದರೂ ಮಿತ್ಸುಯೊಳ ಕೊರಳಿಗೆ ಒಂದು ಪದಕವೂ ಬಿದ್ದಿರಲಿಲ್ಲ. ಯೊಸಾಕೊಯಿ ಹಬ್ಬದ ದಿನಗಳಲ್ಲಿ ಜಪಾನಿನ ಕೋಚಿ ಪಟ್ಟಣದ ಕುಣಿತದ ಬೀದಿಗಳ ಕೊನೆಯಲ್ಲಿ ಆಯಾ ಬೀದಿಯ ಹಿರಿಯರು ಪದಕಗಳನ್ನು ಹಿಡಿದು ನಿಂತಿರುತ್ತಾರೆ. ತಂಡ ಕುಣಿದು ಮುಗಿಸಿದಾಗ, ಯಾರ ನಗುಮುಖ ಮನಸ್ಸಿಗೆ ಹಿಡಿಸಿತೋ ಅವರನ್ನು ಹುಡುಕಿ ಕೊರಳಿಗೆ ಹಾಕುತ್ತಾರೆ.

ಮಿತ್ಸುಯೊಳ ಹೆಜ್ಜೆಯಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದ ಮರದ ನಾರುಕೊ ತಾಳಕ್ಕೆ ಸರಿಯಾಗಿ ಟಕ್ಕೆನ್ನುತ್ತಿತ್ತು. ಆದರೆ ಮುಖ ಮಾತ್ರ ಬಿಗಿದುಕೊಂಡಿರುತ್ತಿತ್ತು.

"ಕುಣಿಯೋವಾಗ್ಲೂ ಮೀನು ಕೊಯ್ಯೋ ಮುಖಾನೇ ಮಾಡ್ತೀಯಲ್ಲ, ಯಾರು ಕೊಡ್ತಾರೆ ನಿಂಗೆ ಪದಕ?" ಎಂದು ಗಂಡ ತೊಕುಜಿ ಪ್ರತಿ ವರ್ಷವೂ ಛೇಡಿಸುತ್ತಿದ್ದ. ಮಾರುಕಟ್ಟೆಯಲ್ಲಿ ಅವರದು ಮೀನಿನ ಅಂಗಡಿ. ಅವನು ಹುಲ್ಲಿನ ಉರಿಯಲ್ಲಿ ಕತ್ಸುವೊ ಮೀನು ಸುಡುತ್ತಿದ್ದ, ಅವಳು ಕೊಯ್ದು ಕೊಡುತ್ತಿದ್ದಳು.

ಈ ವರ್ಷ ತಂಡಕ್ಕೆ ಹಜುಕಿ ಎಂಬವಳು ಸೇರಿದ್ದಳು. ಒಸಾಕಾದ ಹೆಣ್ಣು, ಮದುವೆಯಾಗಿ ಕೋಚಿಗೆ ಬಂದವಳು. ತಾಲೀಮು ಶುರುವಾದ ದಿನದಿಂದ ಮಿತ್ಸುಯೊ ಅವಳ ಬೆನ್ನು ಹತ್ತಿದ್ದಳು.

"ಏನಮ್ಮಾ ಅದು, ಕುಣೀತಿದ್ದೀಯೋ ಸೊಳ್ಳೆ ಓಡಿಸ್ತಿದ್ದೀಯೋ?"

"ತಪ್ಪಾಯ್ತು ಅಕ್ಕಾ, ಇನ್ನೊಂದ್ಸಲ ಮಾಡ್ತೀನಿ," ಎನ್ನುತ್ತಿದ್ದಳು ಹಜುಕಿ. ಬೈಸಿಕೊಳ್ಳುವಾಗಲೂ ಅವಳ ಮುಖದ ತುಂಬ ನಗು. ಆ ನಗು ಕಂಡರೆ ಮಿತ್ಸುಯೊಗೆ ಮೈ ಉರಿಯುತ್ತಿತ್ತು. ಅವಳನ್ನು ಕೊನೆಯ ಸಾಲಿಗೆ ಹಾಕಿ ಎಂದು ತಂಡದ ಮುಖಂಡ ಇವಾವೊನಿಗೆ ಎರಡು ಸಲ ಹೇಳಿ ನೋಡಿದಳು. ಇವಾವೊ ಕೇಳಲಿಲ್ಲ. ಎರಡನೆಯ ಸಾಲಿನಲ್ಲಿ, ಮಿತ್ಸುಯೊಳ ಬೆನ್ನ ಹಿಂದೆಯೇ, ಒಂದು ಹೆಜ್ಜೆ ಬಲಕ್ಕೆ ಅವಳನ್ನು ನಿಲ್ಲಿಸಿದ.

ಹಬ್ಬದ ಮೊದಲ ದಿನ ಮಧ್ಯಾಹ್ನ ಎರಡು ಗಂಟೆಗೆ ತಂಡ ಅಂಗಡಿ ಬೀದಿಯಲ್ಲಿ ಕುಣಿಯಿತು. ಆಗಸ್ಟ್ ತಿಂಗಳ ಸೆಕೆ. ತಂಡದ ಮುಂದೆ ಹಾಡು ಮೊಳಗಿಸುತ್ತ ಸಾಗುವ ಲಾರಿಯ ಸದ್ದಿಗೆ ಎದೆ ಅದುರುತ್ತಿತ್ತು. ಕುಣಿತ ಮುಗಿದು ಎಲ್ಲರೂ ಏದುಸಿರು ಬಿಡುತ್ತ ನಿಂತಾಗ, ಪದಕ ಹಿಡಿದ ಮುದುಕರೊಬ್ಬರು ನಿಧಾನವಾಗಿ ಸಾಲಿನತ್ತ ಬಂದರು. ಉಳಿದಿದ್ದುದು ಒಂದೇ ಪದಕ. ಅವರ ಕಣ್ಣು ಮಿತ್ಸುಯೊಳ ಭುಜದಾಚೆ ನೆಟ್ಟಿತ್ತು. ಅವರು ಕೈ ಚಾಚಿ, "ನೀನಮ್ಮ, ಬಾ," ಎಂದರು.

ಯಾರನ್ನು ಕರೆಯುತ್ತಿದ್ದಾರೆಂದು ಮಿತ್ಸುಯೊಗೆ ಆ ಕ್ಷಣವೇ ತಿಳಿಯಿತು. ತಿಳಿದೂ ಕಾಲು ಮುಂದೆ ಹೋಯಿತು. ಅವರೆದುರು ಹೋಗಿ ತಲೆ ಬಗ್ಗಿಸಿ ನಿಂತಳು.

ಮುದುಕರ ಕೈ ಗಾಳಿಯಲ್ಲಿ ತಡೆಯಿತು. ಏನೋ ಹೇಳಲು ಬಾಯಿ ತೆರೆದರು. ಬಗ್ಗಿದ ತಲೆ ಬಗ್ಗಿಯೇ ಇದ್ದುದನ್ನು ನೋಡಿ ಪದಕದ ಪಟ್ಟಿಯನ್ನು ಅವಳ ಕೊರಳಿಗೆ ಇಳಿಬಿಟ್ಟರು.

ತಂಡವೇ ಕೂಗಿತು. "ಹದಿನೆಂಟು ವರ್ಷ ಆದ್ಮೇಲೆ! ಅಂತೂ ಬಂತಲ್ಲ!" ಎಂದು ಇವಾವೊ ಎಲ್ಲರೆದುರೇ ಕಣ್ಣೊರೆಸಿಕೊಂಡ. ಮಿತ್ಸುಯೊ ತಿರುಗಿದಾಗ ಹಜುಕಿಯೂ ಚಪ್ಪಾಳೆ ತಟ್ಟುತ್ತಿದ್ದಳು. ಒಂದು ಹೆಜ್ಜೆ ಮುಂದಿಟ್ಟಿದ್ದ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ಸಂಜೆ ಅಂಗಡಿಗೆ ಬಂದರೆ ತೊಕುಜಿಗೆ ಸುದ್ದಿ ಮುಟ್ಟಿತ್ತು. ಅವಳ ಕೊರಳಿನಿಂದ ಪದಕ ಬಿಚ್ಚಿ ತಕ್ಕಡಿಯ ಮೇಲಿನ ಮೊಳೆಗೆ ತೂಗುಹಾಕಿದ. ಬಂದ ಗಿರಾಕಿಗಳಿಗೆಲ್ಲ, "ನೋಡಿ, ನಮ್ಮನೆಯವಳಿಗೂ ನಗೋಕೆ ಬರುತ್ತೆ!" ಎಂದು ತೋರಿಸಿದ. ಛೇಡಿಸುತ್ತಿದ್ದ ಗಂಡ ಅಷ್ಟು ಹಿಗ್ಗಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಪಕ್ಕದ ಅಂಗಡಿಯ ಹೆಂಗಸು ಪದಕ ಮುಟ್ಟಿ ನೋಡಿ, "ಪುಣ್ಯವಂತೆ ಕಣೇ," ಎಂದಾಗ ಮಿತ್ಸುಯೊಗೆ ಕಿವಿ ಸುಟ್ಟಂತಾಯಿತು. ಮೀನಿನತ್ತ ಬಗ್ಗಿದವಳು ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಪದಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಂಗಡಿ ಬೀದಿಗೆ ಹೋದಳು. ಮುದುಕರು ಕುಣಿತ ನೋಡುವವರ ಕುರ್ಚಿಗಳನ್ನು ಒರೆಸುತ್ತಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಅವರಿಗೆ ಗುರುತು ಸಿಕ್ಕಿತು.

"ಯಜಮಾನ್ರೇ, ನಿನ್ನೆ ಇದು ನನಗೆ ಬರಬೇಕಾದ್ದಲ್ಲ."

"ಗೊತ್ತಮ್ಮ," ಎಂದರು. "ಅಷ್ಟು ಜನರ ಮುಂದೆ ನಿನ್ನ ಹೇಗೆ ವಾಪಸ್ ಕಳಿಸ್ಲಿ ಅಂತ ಹಾಕ್ಬಿಟ್ಟೆ. ಆಮೇಲೆ ಆ ಹುಡುಗಿ ಮುಖ ನೋಡಿ ನನಗೂ ಊಟ ಸೇರಲಿಲ್ಲ."

"ಇದನ್ನ ನೀವೇ ಅವಳಿಗೆ ಕೊಟ್ಬಿಡಿ."

"ನಾನ್ ಕೊಟ್ರೆ ನಿನ್ನ ತಪ್ಪು ಮುಚ್ಚಿಹೋಗುತ್ತೆ. ನೀನೇ ಕೊಡು."

ತಂಡ ನದಿಯ ದಂಡೆಯಲ್ಲಿ ಲಾರಿಯ ನೆರಳಿಗೆ ಸೇರಿತ್ತು. ಬಾರ್ಲಿ ಚಹಾ ಕುಡಿಯುತ್ತ, ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತ ಹರಟುತ್ತಿದ್ದವರ ನಡುವೆ ಮಿತ್ಸುಯೊ ನಿಂತಳು. ರಾತ್ರಿಯೆಲ್ಲ ಜೋಡಿಸಿಟ್ಟ ಮಾತು ಒಂದೂ ನೆನಪಾಗಲಿಲ್ಲ.

"ನಿನ್ನೆ ಆ ಅಜ್ಜ ಕರೆದಿದ್ದು ಹಜುಕೀನ. ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋಗಿ ತಲೆ ಬಗ್ಗಿಸ್ದೆ."

ಚಹಾದ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ ಒಬ್ಬಾಕೆ ಹಾಗೆಯೇ ಕೈ ನಿಲ್ಲಿಸಿದಳು. ಮಿತ್ಸುಯೊ ಕರವಸ್ತ್ರ ಬಿಚ್ಚಿ ಪದಕ ಚಾಚಿದಳು.

ಹಜುಕಿ ತಕ್ಷಣ ಕೈ ನೀಡಲಿಲ್ಲ. ಮೊದಲ ಬಾರಿಗೆ ಅವಳ ಮುಖದಲ್ಲಿ ನಗುವಿರಲಿಲ್ಲ.

"ನಂಗೂ ಗೊತ್ತಿತ್ತು," ಎಂದಳು. "ನಾನೇ ತಪ್ಪು ತಿಳ್ಕೊಂಡ್ನೇನೋ ಅಂತ ರಾತ್ರಿ ಗಂಡನ ಹತ್ರ ಹತ್ತು ಸಲ ಕೇಳ್ದೆ. ನಿಮಗೆ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚೇನೋ ಅಂತ ನನ್ನನ್ನೇ ಬೈಕೊಂಡೆ, ಮಿತ್ಸುಯೊ ಅವರೇ."

ಅಕ್ಕ ಎನ್ನಲಿಲ್ಲ. ಪದಕ ತೆಗೆದುಕೊಂಡಳು, ಹಾಕಿಕೊಳ್ಳದೆ ಚೀಲದ ತಳಕ್ಕೆ ತುರುಕಿದಳು.

"ಇವತ್ತು ನಾನು ಕೊನೇ ಸಾಲಿಗೆ ಹೋಗ್ತೀನಿ," ಎಂದಳು ಮಿತ್ಸುಯೊ.

ಇವಾವೊ ಅವಳ ಮುಖ ನೋಡದೆ ನಾರುಕೊ ಕೈಗೆತ್ತಿಕೊಂಡ. "ಅಲ್ಲಿ ಹೋಗಿ ಬಚ್ಚಿಟ್ಕೊಳ್ತೀಯಾ? ಆಗಲ್ಲ. ನಿನ್ನ ಜಾಗ ಮುಂದೇನೆ. ನಡಿ, ಬಿಸಿಲೇರ್ತಿದೆ."

ಆ ದಿನ ಐದು ಬೀದಿಗಳಲ್ಲಿ ಅವಳು ಮುಂದಿನ ಸಾಲಿನಲ್ಲಿ ಕುಣಿದಳು. ನಗಲು ಹೋದರೂ ನಗು ಬರಲಿಲ್ಲ. ಬೀದಿಯ ಕೊನೆಯಲ್ಲಿ ಪದಕದವರು ಹತ್ತಿರ ಬಂದಾಗಲೆಲ್ಲ ಕಣ್ಣನ್ನು ನೆಲಕ್ಕೆ ಇಳಿಸಿದಳು. ಮೂರನೆಯ ಬೀದಿಯಲ್ಲಿ ಹಜುಕಿಗೆ ಒಂದು ಪದಕ ಸಿಕ್ಕಿತು. ಕೂಗಿದವರಲ್ಲಿ ಮಿತ್ಸುಯೊಳ ದನಿಯೂ ಇತ್ತು. ಆದರೆ ಗಟ್ಟಿಯಾಗಿ ಕೂಗುವ ಹಕ್ಕು ತನಗಿದೆಯೇ ಎಂದು ಅನುಮಾನಿಸಿ ಅರ್ಧಕ್ಕೇ ನಿಲ್ಲಿಸಿದಳು.

ತೊಕುಜಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವನು ಬೈಯಲಿಲ್ಲ. ಪದಕದ ಮಾತೆತ್ತಿದ ಗಿರಾಕಿಗಳಿಗೆಲ್ಲ, "ಅದು ಬೇರೆಯವರದ್ದು, ಕೊಟ್ಟಾಯ್ತು," ಎಂದಷ್ಟೇ ಹೇಳಿ ಮೀನು ಸುಡುತ್ತಿದ್ದ. ಛೇಡಿಸುವುದನ್ನು ಬಿಟ್ಟುಬಿಟ್ಟ. ಅವನು ಛೇಡಿಸಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ದಿನ ಅನ್ನಿಸಿತು.

ಮರುವರ್ಷ ಜೂನ್‌ನಲ್ಲಿ ತಾಲೀಮು ಶುರುವಾದಾಗ ಹಜುಕಿ ಬರುವುದಿಲ್ಲವೆಂದೇ ಮಿತ್ಸುಯೊ ಅಂದುಕೊಂಡಿದ್ದಳು. ಬಂದಳು. ಮೂರನೆಯ ದಿನ ಅವಳಾಗಿಯೇ ಹತ್ತಿರ ಬಂದು, "ಈ ತಿರುಗೋ ಹೆಜ್ಜೆ ನಂಗೆ ಹಿಡೀತಿಲ್ಲ, ಸ್ವಲ್ಪ ತೋರಿಸ್ತೀರಾ?" ಎಂದು ಕೇಳಿದಳು.

ಮಿತ್ಸುಯೊ ತೋರಿಸಿದಳು. ಒಂದು ಗಡಸು ಮಾತೂ ಆಡದೆ, ಕಣ್ಣಿಗೆ ಕಣ್ಣು ಕೊಡಲಾಗದೆ, ಹಜುಕಿಗೆ ಬರುವವರೆಗೂ ಅದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕಿದಳು.