ಮೂರನೆಯ ಜಾಗ

ನಾನು ಒಂದು ತುಂಡು ತಂತಿ. ಉದ್ದ ಒಂದು ಗೇಣು. ಒಳಗೆ ತಾಮ್ರ, ಮೇಲೆ ಹಸಿರು ಪ್ಲಾಸ್ಟಿಕ್, ಎರಡು ತುದಿಗೂ ಹಲ್ಲಿರುವ ಕ್ಲಿಪ್. ನನ್ನಂಥವು ಯಾವ ರೇಡಿಯೋ ರಿಪೇರಿ ಅಂಗಡಿಯಲ್ಲೂ ಹತ್ತಾರು ಬಿದ್ದಿರುತ್ತವೆ. ಅಲ್ಲಿ ಬಿದ್ದಿದ್ದರೆ ನನ್ನಿಂದ ಯಾರಿಗೂ ಕೇಡಾಗುತ್ತಿರಲಿಲ್ಲ. ನಾನು ಹುಟ್ಟಿದ್ದು ಒಂದು ವಿಶ್ವವಿದ್ಯಾಲಯದ ಅಣು ರಿಯಾಕ್ಟರಿನ ವರ್ಕ್‌ಶಾಪಿನಲ್ಲಿ. ನನ್ನನ್ನು ಮಾಡಿದ ಬಲಗೈಯಲ್ಲಿ ಆಗ ಐದು ಬೆರಳಿದ್ದವು. ಈಗ ಎರಡಿವೆ.

ಆ ಕೈ ಫಕೀರಪ್ಪ ಕಮ್ಮಾರನದು. ರಿಯಾಕ್ಟರಿನ ಮೀಟರು, ಸ್ವಿಚ್ಚು, ಗಂಟೆ, ದೀಪ ಎಲ್ಲವನ್ನೂ ರಿಪೇರಿ ಮಾಡುವ ಮೆಕ್ಯಾನಿಕ್. ದಪ್ಪ ಬೆರಳು, ಆದರೆ ಕೂದಲೆಳೆಯಷ್ಟು ಸಣ್ಣ ತಂತಿಯನ್ನೂ ಒಂದೇ ಸಲಕ್ಕೆ ಬೆಸೆಯುತ್ತಿದ್ದ. ನನ್ನನ್ನು ಬೆಸೆದು, ಊದಿ ಆರಿಸಿ, ಎರಡು ಸಲ ಜಗ್ಗಿ ನೋಡಿದ. ಆಮೇಲೆ ಜೇಬಿನಿಂದ ಒಂದು ಕೆಂಪು ರಿಬ್ಬನ್ ತೆಗೆದು ನನ್ನ ನಡುವಿಗೆ ಕಟ್ಟಿದ. ಅವನ ಮಗಳು ಶಾಲೆಗೆ ಜಡೆ ಹಾಕಿಕೊಳ್ಳುತ್ತಿದ್ದ ರಿಬ್ಬನ್. ನಾನು ದೂರದಿಂದಲೂ ಕಾಣಬೇಕೆಂಬುದು ಅವನ ಆಸೆ.

ರಿಯಾಕ್ಟರ್ ಚಿಕ್ಕದು. ಊರಿನವರು ಇಲ್ಲಿ ಕರೆಂಟ್ ತಯಾರಾಗುತ್ತದೆ ಅಂದುಕೊಂಡಿದ್ದರು. ಒಂದು ಬಲ್ಬ್ ಉರಿಯುವಷ್ಟೂ ಆಗುತ್ತಿರಲಿಲ್ಲ. ಬಾವಿಯಂಥ ಒಂದು ನೀರಿನ ತೊಟ್ಟಿ, ಅದರ ತಳದಲ್ಲಿ ಯುರೇನಿಯಂ. ಮೇಲಿನಿಂದ ಇಳಿಬಿಟ್ಟ ಸರಳುಗಳನ್ನು ಎತ್ತಿದರೆ ರಿಯಾಕ್ಟರ್ ನಡೆಯುತ್ತದೆ. ಸರಳು ಬಿದ್ದರೆ ನಿಲ್ಲುತ್ತದೆ. ತೊಟ್ಟಿಯ ಪಕ್ಕದಿಂದ ಒಂದು ಕೊಳವೆ ದಪ್ಪ ಗೋಡೆಯ ಕೋಣೆಯೊಂದಕ್ಕೆ ಹೋಗುತ್ತದೆ. ಕೊಳವೆಯ ಬಾಯಿಗೆ ಸೀಸದ ಶಟರ್. ಶಟರ್ ಸರಿಸಿದರೆ ವಿಕಿರಣ ಕೋಣೆಯೊಳಗೆ ಬಂದು, ಅಲ್ಲಿ ಮೇಜಿನ ಮೇಲಿಟ್ಟ ಕಲ್ಲನ್ನೋ ಲೋಹವನ್ನೋ ಹಾಯುತ್ತದೆ. ಆಗ ಮನುಷ್ಯ ಒಳಗಿರಬಾರದು. ಅದಕ್ಕಾಗಿ ಬಾಗಿಲಲ್ಲಿ ಒಂದು ಸ್ವಿಚ್. ಶಟರ್ ತೆರೆದಿರುವಾಗ ಯಾರಾದರೂ ಬಾಗಿಲು ಎಳೆದರೆ ಸರಳುಗಳು ಧಡ್ಡನೆ ಬೀಳುತ್ತವೆ. ಇದಕ್ಕೆ ಟ್ರಿಪ್ ಅನ್ನುತ್ತಾರೆ.

ನನ್ನ ಕೆಲಸ ಸುಳ್ಳು ಹೇಳುವುದು. ನನ್ನ ಎರಡು ಕ್ಲಿಪ್ಪುಗಳನ್ನು ಕಂಟ್ರೋಲ್ ರೂಮಿನ ಪ್ಯಾನೆಲ್ಲಿನ ಎರಡು ತಿರುಪುಗಳಿಗೆ ಕಚ್ಚಿಸಿದರೆ, ಬಾಗಿಲು ತೆರೆದಿದ್ದರೂ ಪ್ಯಾನೆಲ್ಲಿಗೆ ಅದು ಮುಚ್ಚಿದೆ ಅನ್ನಿಸುತ್ತದೆ. ಮೂರು ತಿಂಗಳಿಗೊಮ್ಮೆ ರಿಯಾಕ್ಟರ್ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಉಳಿದ ಸಾಧನಗಳನ್ನು ಪರೀಕ್ಷಿಸುವಾಗ ಮಾತ್ರ ಈ ಸುಳ್ಳು ಬೇಕಿತ್ತು. ಉಳಿದ ದಿನ ನಾನು ಕಂಟ್ರೋಲ್ ರೂಮಿನ ಗೋಡೆಯ ಮೊಳೆಗೆ ನೇತಾಡುತ್ತಿದ್ದೆ.

ಆ ಮೊಳೆಯನ್ನು ಹೊಡೆದವನೂ ಫಕೀರಪ್ಪನೇ. ಹೊಸದಾಗಿ ಬಂದ ಆಪರೇಟರ್ ತಿಪ್ಪೇಶನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದ:

"ಇದಕ್ಕ ಎರಡ ಜಾಗ. ಒಂದು ಮೊಳಿ, ಇನ್ನೊಂದು ನನ್ನ ಕೈ. ಮೂರನೇ ಜಾಗ ಇಲ್ಲ. ಮೊಳಿ ಖಾಲಿ ಕಂಡ್ರ ರಿಯಾಕ್ಟರಿನ ಚಾವಿ ತಿರುವಬ್ಯಾಡ."

"ವಿಸಿ ಬಂದು ತಿರುವು ಅಂದ್ರೆ ಫಕೀರಣ್ಣ?"

"ವಿಸಿ ಬಂದ್ರ ಕುರ್ಚಿ ಹಾಕು. ಚಾವಿ ತಿರುವಬ್ಯಾಡ."

ತಿಪ್ಪೇಶ ಚಿತ್ರದುರ್ಗದ ಕಡೆಯವನು. ನಗುವವನು. ಕಲಿಯಬೇಕಾದ್ದನ್ನೆಲ್ಲ ಫಕೀರಪ್ಪನ ಹಿಂದೆ ಸುತ್ತಿಯೇ ಕಲಿತ. ಹನ್ನೊಂದು ವರ್ಷ ನಾನು ಮೊಳೆಯ ಮೇಲಿದ್ದೆ. ಕಿಟಕಿಯ ಬಿಸಿಲಿಗೆ ನನ್ನ ರಿಬ್ಬನ್ ಮಾಸಿ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

ಫಕೀರಪ್ಪನಿಗೆ ಒಂದು ಅಭ್ಯಾಸವಿತ್ತು. ಆ ಕೋಣೆಗೆ ಹೋಗಬೇಕಾದಾಗ ಅವನು ಯಾರನ್ನೂ ಕೇಳುತ್ತಿರಲಿಲ್ಲ. ಓಣಿಯಲ್ಲಿ ಹೋಗುತ್ತ ಕಂಟ್ರೋಲ್ ರೂಮಿನ ಗಾಜಿನಲ್ಲಿ ಇಣುಕಿ ಮೊಳೆ ನೋಡುತ್ತಿದ್ದ. ನಾನು ಅಲ್ಲಿದ್ದರೆ ನೇರ ಹೋಗಿ ಬಾಗಿಲನ್ನು ಅಂಗೈಯಗಲ ಎಳೆದು ನಿಲ್ಲುತ್ತಿದ್ದ. ಸರಳು ಬಿದ್ದ ಸದ್ದು ಬಂದರೆ ಶಟರ್ ತೆರೆದಿದೆ ಎಂದರ್ಥ, ಬಾಗಿಲು ಮುಚ್ಚಿ ಹಿಂದಿರುಗುತ್ತಿದ್ದ. ಸದ್ದು ಬಾರದಿದ್ದರೆ ಒಳಗೆ ಹೋಗುತ್ತಿದ್ದ. ಬಾಗಿಲ ಮೇಲೊಂದು ಕೆಂಪು ದೀಪವಿತ್ತು. ಅದು ವರ್ಷಗಟ್ಟಲೆಯಿಂದ ಹಗಲೂ ರಾತ್ರಿ ಉರಿಯುತ್ತಲೇ ಇದ್ದುದರಿಂದ ಅದನ್ನು ಯಾರೂ ನೋಡುತ್ತಿರಲಿಲ್ಲ.

ರಿಯಾಕ್ಟರಿನ ಮುಖ್ಯಸ್ಥ ಪ್ರೊಫೆಸರ್ ಕೆರೂರರಿಗೆ ಈ ಅಭ್ಯಾಸ ಕಂಡರೆ ಆಗುತ್ತಿರಲಿಲ್ಲ.

"ಕಮ್ಮಾರ್, ನಿಮ್ಮ ಈ ಬಾಗಲಾ ಎಳದು ನೋಡೂದು ಸಾಕ್ರಿ ಇನ್ನ. ಮೂರು ತಾಸಿನ ಪ್ರಯೋಗ ನೀರಾಗ ಹೋತು. ಬಂದು ಒಂದ ಮಾತು ಕೇಳಿದ್ರ ಏನಾಗ್ತದ?"

"ಮಂದಿಗೆ ಕೇಳಿದ್ರ ಮಂದಿ ಮರೀತಾರ್ರಿ ಸರ. ನಾ ಬಾಗಲಕ್ಕ ಕೇಳ್ತೀನಿ. ಮೂರು ತಾಸು ಮತ್ತ ಸಿಗ್ತಾವ."

ಅವನ ರೀತಿ ತಪ್ಪೇ ಇರಬಹುದು. ರಿಯಾಕ್ಟರ್ ನಿಲ್ಲಿಸಲು ಸರಿಯಾದ ದಾರಿ ಬೇರೆ ಇದೆ. ಒಳಗೆ ಹೋಗುವವನು ಕೈಯಲ್ಲಿ ವಿಕಿರಣದ ಮೀಟರ್ ಹಿಡಿದಿರಬೇಕು ಎಂದು ನಿಯಮವೂ ಇದೆ. ಆದರೆ ಇದ್ದ ಎರಡು ಮೀಟರುಗಳಲ್ಲಿ ಒಂದು ಕೆಟ್ಟಿತ್ತು, ಇನ್ನೊಂದು ಪರೀಕ್ಷೆಗೆ ಹೋದದ್ದು ವಾಪಸು ಬಂದಿರಲಿಲ್ಲ.

ಹನ್ನೆರಡನೆಯ ವರ್ಷ ಬಾಗಿಲು ಜಗ್ಗಿತು. ಸೀಸ ತುಂಬಿದ ಬಾಗಿಲು, ಆನೆಯ ತೂಕ. ತನ್ನದೇ ಭಾರಕ್ಕೆ ಒಂದು ಎಳೆಯಷ್ಟು ಕೆಳಗಿಳಿದು ಸ್ವಿಚ್ಚನ್ನು ಸರಿಯಾಗಿ ಒತ್ತದಾಯಿತು. ಓಣಿಯಲ್ಲಿ ಯಾರಾದರೂ ಜೋರಾಗಿ ನಡೆದರೂ ಸ್ವಿಚ್ಚು ನಡುಗಿ ಟ್ರಿಪ್. ಫಕೀರಪ್ಪ ಎರಡು ಸಲ ಬರೆದುಕೊಟ್ಟ: ಬಾಗಿಲು ಇಳಿಸಿ ಕೀಲು ಬದಲಿಸಬೇಕು. ಉತ್ತರ ಬರಲಿಲ್ಲ. ಅವನು ಅಣ್ಣನ ಮನೆಯ ಕೆಲಸಕ್ಕೆಂದು ಹತ್ತು ದಿನ ರಜೆ ಹಾಕಿ ಗದಗಿಗೆ ಹೋದ.

ಅವನು ಹೋದ ಮೂರನೆಯ ದಿನ ಪ್ರೊಫೆಸರ್ ಕಂಟ್ರೋಲ್ ರೂಮಿಗೆ ಬಂದರು.

"ಇವತ್ತ ಎಷ್ಟ ಸಲ ಟ್ರಿಪ್ ಆತು ತಿಪ್ಪೇಶ?"

"ನಾಲ್ಕು ಸಲ ಸಾರ್."

"ಮಾರ್ಚ್ ಒಳಗ ನೂರಾ ಇಪ್ಪತ್ತು ದಿನ ಓಡಿಸಿ ತೋರಸ್ಬೇಕು. ತೊಂಬತ್ತೂ ಆಗಿಲ್ಲ. ಆಗ್ಲಿಲ್ಲ ಅಂದ್ರ ಸಿಂಡಿಕೇಟಿನವರು ಇದನ್ನ ಮುಚ್ಚಿ ಗೋಡೌನ್ ಮಾಡ್ತಾರ. ಆಮ್ಯಾಲ ನೀನೂ ಇಲ್ಲ, ನಾನೂ ಇಲ್ಲ."

"ಬಾಗ್ಲು ರಿಪೇರಿ ಮಾಡ್ಸಿದ್ರೆ ಸಾರ್..."

"ಒಂದ ತಿಂಗಳ ಬಂದ್ ಮಾಡಬೇಕಾಗ್ತದ. ಆ ತಂತಿ ಹಾಕು."

ತಿಪ್ಪೇಶ ನನ್ನ ಕಡೆ ನೋಡಿದ. "ಫಕೀರಣ್ಣ ಬಂದ್ಮೇಲೆ ಮೊಳೆ ನೋಡ್ತಾರೆ ಸಾರ್. ಖಾಲಿ ಇದ್ರೆ ಒಂದು ಕ್ಷಣಾನೂ ಓಡ್ಸಕ್ಕೆ ಬಿಡಲ್ಲ."

ಪ್ರೊಫೆಸರ್ ಮೊಳೆಯನ್ನು ನೋಡಿದರು. ಆಮೇಲೆ ಅಂದರು: "ಮೊಳಿ ಮ್ಯಾಲ ಒಂದು ತಂತಿ ಇರ್ಬೇಕು, ಅಷ್ಟ ಅಲ್ಲೇನು? ಇಲ್ಲಿ ತಂತಿಗೇನು ಬರ ಬಂದದೇನು?"

ಅದೇ ಹಸಿರು ಸುರುಳಿಯಿಂದ ತಿಪ್ಪೇಶ ಇನ್ನೊಂದು ತುಂಡು ಕತ್ತರಿಸಿದ. ಕ್ಲಿಪ್ ಹಾಕಿದ. ಕಡತ ಕಟ್ಟುವ ಕೆಂಪು ಪಟ್ಟಿಯನ್ನು ನಡುವಿಗೆ ಸುತ್ತಿದ. ಅದನ್ನು ಮೊಳೆಗೆ ಹಾಕಿ, ನನ್ನನ್ನು ಪ್ಯಾನೆಲ್ಲಿನೊಳಗೆ ಕಚ್ಚಿಸಿ, ಅದರ ಮುಚ್ಚಳ ಹಾಕಿ ತಿರುಪು ಬಿಗಿದ. ಕತ್ತಲೆಯಲ್ಲಿ ನನಗೆ ಮೂರನೆಯ ಜಾಗ ಸಿಕ್ಕಿತು.

ಟ್ರಿಪ್ ಆಗುವುದು ಅವತ್ತೇ ನಿಂತಿತು.

ಫಕೀರಪ್ಪ ಹಿಂದಿರುಗಿದ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಹೇಳಿದ್ದರೆ ಅವನು ರಿಯಾಕ್ಟರ್ ನಿಲ್ಲಿಸುತ್ತಿದ್ದ. "ಟ್ರಿಪ್ ನಿಂತೈತಲ್ಲೋ, ಬಾಗಲಾ ತಾನ ಶಾಣ್ಯಾ ಆತೇನು?" ಎಂದು ಕೇಳಿದಾಗ ತಿಪ್ಪೇಶ, "ಸ್ವಿಚ್ಚಿನ ಧೂಳು ಒರೆಸಿದ್ದೆ ಅಣ್ಣ" ಅಂದ. ಒಂದು ತಿಂಗಳ ಮಾತು, ಅಷ್ಟರೊಳಗೆ ದಿನಗಳ ಲೆಕ್ಕ ಮುಗಿಯುತ್ತದೆ, ಅಲ್ಲಿಯವರೆಗೆ ಫಕೀರಪ್ಪ ಆ ಕೋಣೆಯ ಕಡೆ ಹೋಗದಂತೆ ತಾನೇ ಕಣ್ಣಿಟ್ಟಿರುತ್ತೇನೆ ಎಂದು ಅವನು ಪ್ರೊಫೆಸರಿಗೆ ಹೇಳಿದ್ದನ್ನು ನಾನು ಪ್ಯಾನೆಲ್ಲಿನೊಳಗಿಂದ ಕೇಳಿದ್ದೆ. ಹದಿನೆಂಟು ದಿನ ಕಣ್ಣಿಟ್ಟಿದ್ದ.

ಹತ್ತೊಂಬತ್ತನೆಯ ದಿನದ ಪ್ರಯೋಗ ಹನ್ನೊಂದು ಗಂಟೆಗೆ ಎಂದು ಹಲಗೆಯ ಮೇಲೆ ಬರೆದಿತ್ತು. ಪ್ರೊಫೆಸರ್ ಅವಸರ ಮಾಡಿ ಹತ್ತಕ್ಕೇ ಶುರು ಮಾಡಿಸಿದರು. ಹಲಗೆ ಅಳಿಸಿ ಬರೆಯಲಿಲ್ಲ. ಕೋಣೆಯೊಳಗಿನ ಮೇಜು ಸರಿಯಾಗಿ ತಿರುಗುತ್ತಿಲ್ಲ ಎಂಬ ಚೀಟಿ ಹಿಂದಿನ ದಿನವೇ ಫಕೀರಪ್ಪನ ವರ್ಕ್‌ಶಾಪ್ ಸೇರಿತ್ತು. ಹನ್ನೊಂದರೊಳಗೆ ಸರಿ ಮಾಡಿಬಿಡೋಣ ಎಂದು ಹತ್ತೂವರೆಗೆ ಅವನು ಸ್ಕ್ರೂಡ್ರೈವರ್ ಹಿಡಿದು ಓಣಿಗೆ ಬಂದ. ಗಾಜಿನಲ್ಲಿ ಇಣುಕಿದ. ತಿಪ್ಪೇಶ ಆಚೆ ಮುಖ ಮಾಡಿ ಪ್ರೊಫೆಸರ ಜೊತೆ ಫೋನಿನಲ್ಲಿದ್ದ. ಮೊಳೆಯ ಮೇಲೆ ತಂತಿ ಇತ್ತು.

ಇದನ್ನು ನಾನು ನೋಡಲಿಲ್ಲ. ಆಮೇಲೆ ಅವನೇ ಹೇಳಿದ್ದು. ನನಗೆ ಗೊತ್ತಾದದ್ದು ಬೇರೆ ರೀತಿ. ಬಾಗಿಲು ಮುಚ್ಚಿದ್ದಾಗ ಕರೆಂಟಿಗೆ ಎರಡು ದಾರಿ, ಅರ್ಧ ಬಾಗಿಲ ಸ್ವಿಚ್ಚಿನಲ್ಲಿ ಹೋಗುತ್ತಿತ್ತು, ಅರ್ಧ ನನ್ನಲ್ಲಿ. ಒಮ್ಮೆಲೇ ಪೂರ್ತಿ ನನ್ನ ಮೇಲೆ ಬಿತ್ತು. ಬಾಗಿಲು ತೆರೆದಿತ್ತು. ಅಂಗೈಯಗಲ ಎಳೆದು ಒಬ್ಬ ಮನುಷ್ಯ ಸದ್ದಿಗಾಗಿ ಕಿವಿಗೊಟ್ಟು ನಿಂತಿದ್ದಾನೆ ಎಂದು ನನಗೆ ತಿಳಿಯಿತು. ಹೀಗೆ ಬಾಗಿಲನ್ನು ಕೇಳುವವನು ಒಬ್ಬನೇ. ಬಾಗಿಲು ಹೇಳಬೇಕಾದ್ದನ್ನು ಹೇಳಿತು. ನಾನು ಅದನ್ನು ಮುಂದೆ ಹೋಗಲು ಬಿಡಲಿಲ್ಲ.

ಸರಳು ಬೀಳಲಿಲ್ಲ. ಅವನು ಒಳಗೆ ಹೋದ.

ಹನ್ನೊಂದು ನಿಮಿಷ ಪೂರ್ತಿ ಭಾರ ನನ್ನ ಮೇಲಿತ್ತು. ಕಂಟ್ರೋಲ್ ರೂಮಿನಲ್ಲಿ ತಿಪ್ಪೇಶ "ಹೌದು ಸಾರ್, ಎಲ್ಲಾ ಸರಿಯಾಗಿದೆ ಸಾರ್" ಅನ್ನುತ್ತಿದ್ದ. ಗೋಡೆಯಾಚೆ ಫಕೀರಪ್ಪ ಕೊಳವೆಯ ಬಾಯಿಯೆದುರು ಮೇಜಿನ ತಿರುಪನ್ನು ಬಲಗೈಯಿಂದ ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಬಿಗಿಯುತ್ತಿದ್ದ. ವಿಕಿರಣಕ್ಕೆ ವಾಸನೆಯಿಲ್ಲ, ಬಿಸಿಯಿಲ್ಲ. ಅವನು ಸಾವಕಾಶವಾಗಿ, ಚೆನ್ನಾಗಿ ಕೆಲಸ ಮಾಡುವವನು. ಅವತ್ತೂ ಹಾಗೇ ಮಾಡಿದ.

ಕರೆಂಟು ಮತ್ತೆ ಅರ್ಧವಾಯಿತು. ಅವನು ಬಾಗಿಲು ಮುಚ್ಚಿ ಕಂಟ್ರೋಲ್ ರೂಮಿಗೆ ಬಂದ.

"ಮೇಜು ಗಿರಗಿರ ತಿರುಗತೈತಿ ನೋಡಪಾ. ಇನ್ನ ಹನ್ನೊಂದಕ್ಕ ಚಾಲೂ ಮಾಡು."

ಫೋನು ಕೆಳಗಿಟ್ಟ ಸದ್ದು. ಆಮೇಲೆ ತಿಪ್ಪೇಶನ ದನಿ, ಬಹಳ ಮೆಲ್ಲಗೆ: "ಫಕೀರಣ್ಣ, ಹತ್ತಕ್ಕೇ ಚಾಲೂ ಆಗಿದೆ."

"ಏ, ಚಾಷ್ಟಿ ಮಾಡಬ್ಯಾಡ. ನಾ ಬಾಗಲಾ ಎಳದೇನಿ. ಬೀಳಲಿಲ್ಲ."

ತಿಪ್ಪೇಶ ಗುಂಡಿ ಒತ್ತಿದ. ಸರಳುಗಳು ಧಡ್ಡನೆ ಬಿದ್ದವು. ಆ ಸದ್ದು ಕೇಳಿ ಫಕೀರಪ್ಪನಿಗೆ ಅರ್ಥವಾಗಿರಬೇಕು. "ಮೊಳಿ ಮ್ಯಾಲ ಐತಲ್ಲೋ..." ಎಂದಷ್ಟೇ ಅಂದ.

ಪ್ರೊಫೆಸರ್ ಓಡಿ ಬಂದರು. ಹತ್ತೇ ನಿಮಿಷದಲ್ಲಿ ಅವನನ್ನು ಜೀಪಿಗೆ ಹತ್ತಿಸಿ ಆಸ್ಪತ್ರೆಗೆ ಕಳಿಸಿದರು. ಅಷ್ಟು ಬೇಗ ಆ ಕಟ್ಟಡದಲ್ಲಿ ಯಾವ ಕೆಲಸವೂ ಆದದ್ದಿಲ್ಲ. ಜೀಪು ಹೋದ ಮೇಲೆ ತಿಪ್ಪೇಶನಿಗೆ ಅಂದರು: "ಒಳಗಿಂದು ಇರ್ಲಿ. ಮೊಳಿ ಮ್ಯಾಲಿಂದು ತಗಿ."

ತಿಪ್ಪೇಶ ನಕಲಿ ತಂತಿಯನ್ನು ಜೇಬಿಗೆ ಹಾಕಿಕೊಂಡ. ಅದು ಆಮೇಲೆ ಎಲ್ಲಿಗೆ ಹೋಯಿತೋ ತಿಳಿಯದು.

ಮೊದಲ ವಾರ ಕೈಗೆ ಏನೂ ಆಗಲಿಲ್ಲ. ಹತ್ತನೆಯ ದಿನ ಕೆಂಪಾಯಿತು. ಮೂರನೆಯ ವಾರ ಗುಳ್ಳೆಗಳು. ವಿಚಾರಣೆಗೆ ಹೊರಗಿನಿಂದ ಮೂವರು ಬಂದಾಗ ಅದು ಮೊಣಕೈವರೆಗೆ ಬ್ಯಾಂಡೇಜಿನಲ್ಲಿತ್ತು. ನನ್ನನ್ನು ಮೇಜಿನ ಮೇಲಿಟ್ಟಿದ್ದರು.

"ಈ ತಂತಿ ನೀವೇ ಮಾಡಿದ್ದಾ?" ಎಂದು ಅಧ್ಯಕ್ಷರು ಕೇಳಿದರು.

"ಹೌದ್ರಿ. ನಂದ."

"ಇದು ಪ್ಯಾನೆಲ್ಲಿನೊಳಗೆ ಸಿಕ್ಕಿದೆ. ನೀವು ಹಾಕಿ ತೆಗೆಯೋದು ಮರೆತಿದ್ದೀರಿ. ಮೊಳೆ ಖಾಲಿಯಿದ್ದದ್ದನ್ನೂ ನೋಡದೆ ಒಳಗೆ ಹೋಗಿದ್ದೀರಿ."

"ಮೊಳಿ ಖಾಲಿ ಇದ್ದಿದ್ದಿಲ್ರಿ. ನಾ ನೋಡೇನಿ." ಫಕೀರಪ್ಪ ಎಡಗೈಯಿಂದ ನನ್ನನ್ನು ಎತ್ತಿದ, ರಿಬ್ಬನ್ನನ್ನು ಹೆಬ್ಬೆರಳಿನಿಂದ ಸವರಿದ. "ಇದರ ರಿಬ್ಬನ್ ಮಾಸೇತ್ರಿ. ಅವತ್ತು ಮೊಳಿ ಮ್ಯಾಲಿದ್ದದ್ದು ಹೊಸಾ ಕೆಂಪು ಇತ್ತು. ಯಾರೋ ರಿಬ್ಬನ್ ಬದ್ಲಿ ಮಾಡ್ಯಾರ, ಪುಣ್ಯಾ ಬರ್ಲಿ ಅಂದ್ಕೊಂಡೆ. ಅದು ಬ್ಯಾರೆ ತಂತಿ ಇತ್ರಿ. ತಿಪ್ಪೇಶಗ ಕೇಳ್ರಿ."

ಎಲ್ಲರೂ ತಿಪ್ಪೇಶನ ಕಡೆ ನೋಡಿದರು. ಅವನು ಮೇಜು ನೋಡುತ್ತಿದ್ದ.

"ನನಗೆ ಗೊತ್ತಿಲ್ಲ ಸಾರ್. ಮೊಳೆ ಖಾಲಿ ಇತ್ತು ಅನ್ಸುತ್ತೆ. ನಾನೂ ನೋಡ್ಬೇಕಿತ್ತು, ನೋಡ್ಲಿಲ್ಲ."

ಸಣ್ಣ ತಪ್ಪೊಂದನ್ನು ಒಪ್ಪಿಕೊಂಡದ್ದರಿಂದ ಅವನ ಮಾತನ್ನು ನಂಬಿದರು. ಫಕೀರಪ್ಪ ನನ್ನನ್ನು ಮೇಜಿನ ಮೇಲೆ, ಎತ್ತಿಕೊಂಡ ಜಾಗದಲ್ಲೇ ಇಟ್ಟ.

ಲಾಗ್ ಪುಸ್ತಕವೂ ಅದೇ ಮೇಜಿನ ಮೇಲಿತ್ತು. ಯಾವ ದಿನದಿಂದ ಟ್ರಿಪ್ ನಿಂತಿತು ಎಂಬುದು ಅದರಲ್ಲಿದೆ. ಆ ದಿನ ಫಕೀರಪ್ಪ ಗದಗಿನಲ್ಲಿದ್ದ. ಹಾಜರಿ ಪುಸ್ತಕದ ಜೊತೆಗಿಟ್ಟು ಎರಡು ಪುಟ ತಿರುವಿದ್ದರೆ ಸಾಕಿತ್ತು. ಯಾರೂ ತಿರುವಲಿಲ್ಲ. ನಿರ್ವಹಣೆಯ ಸಿಬ್ಬಂದಿ ತಾನೇ ಅಳವಡಿಸಿದ ತಂತಿಯನ್ನು ತೆಗೆಯಲು ಮರೆತದ್ದೇ ಅವಘಡಕ್ಕೆ ಕಾರಣ ಎಂದು ವರದಿ ಬರೆದರು. ಐದನೆಯ ತಿಂಗಳು ಅವನ ಹೆಬ್ಬೆರಳು, ತೋರುಬೆರಳು, ನಡುಬೆರಳು ತೆಗೆದರು. ಬಾಗಿಲ ಕೀಲು ಬದಲಿಸಲು ವರದಿಯಲ್ಲಿ ಸೂಚನೆಯಿತ್ತು. ಒಂದು ತಿಂಗಳ ಕೆಲಸ ಎಂದಿದ್ದರಲ್ಲ, ಒಂಬತ್ತು ದಿನಕ್ಕೆ ಮುಗಿಯಿತು.

ಈಗ ನಾನು ಕಬ್ಬಿಣದ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗಿದ್ದೇನೆ. ಕವರಿನ ಮೇಲೆ ಫಕೀರಪ್ಪನ ಹೆಸರು ಬರೆದಿದ್ದಾರೆ. ಪ್ರೊಫೆಸರ್ ನಿವೃತ್ತರಾದರು. ರಿಯಾಕ್ಟರ್ ನಡೆಯುತ್ತಿದೆ. ತಿಪ್ಪೇಶ ಸುರಕ್ಷತಾ ಅಧಿಕಾರಿ. ವರ್ಷಕ್ಕೊಮ್ಮೆ ಹೊಸಬರ ತರಬೇತಿಯಲ್ಲಿ ನನ್ನನ್ನು ಹೊರತೆಗೆದು ಎತ್ತಿ ಹಿಡಿಯುತ್ತಾನೆ. ಒಬ್ಬ ಮೆಕ್ಯಾನಿಕ್ ಒಂದು ತಂತಿಯನ್ನು ಮರೆತು ಮೂರು ಬೆರಳು ಕಳೆದುಕೊಂಡ ಕತೆ ಹೇಳುತ್ತಾನೆ. ಚೆನ್ನಾಗಿ ಹೇಳುತ್ತಾನೆ. ಈಗ ನಗುವುದಿಲ್ಲ.

ಈ ವರ್ಷ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಮೊಳೆ ನೋಡಬೇಕು ಅಂತ ನಿಯಮ ಮಾಡಿದ್ದೇ ಅವರು ಅಂದ್ರಿ. ಮತ್ತೆ ಅವತ್ತು ಅವರು ನೋಡ್ಲಿಲ್ವಾ?"

"ನೋಡಿದ್ರು" ಅಂದ ತಿಪ್ಪೇಶ.

"ನೋಡಿದ್ರಾ? ಖಾಲಿ ಇರೋದು ನೋಡಿಯೂ ಒಳಗೆ ಹೋದ್ರಾ ಸರ್?"

ಅವನು ಎತ್ತಿ ಹಿಡಿದಿದ್ದ ನನ್ನನ್ನು ಕೆಳಗಿಳಿಸಿ, ರಿಬ್ಬನ್ನನ್ನು ಹೆಬ್ಬೆರಳಿನಿಂದ ಮುಚ್ಚಿದ.

"ಟೀ ಬಂದಿದೆ" ಅಂದ ಅವನು. "ಹೋಗಿ ಕುಡೀರಿ. ಆರಿ ಹೋಗುತ್ತೆ."

ಎಲ್ಲರೂ ಎದ್ದುಹೋದರು. ಅವನು ನನ್ನನ್ನು ಕವರಿಗೆ ಹಾಕಿ, ಬೀರುವಿನಲ್ಲಿಟ್ಟು, ಎರಡು ಸಲ ಬೀಗ ಜಗ್ಗಿ ನೋಡಿದ. ಹಾಗೆ ಜಗ್ಗಿ ನೋಡುವುದನ್ನು ಅವನಿಗೆ ಕಲಿಸಿದ್ದು ಯಾರೆಂದು ನನಗೆ ಗೊತ್ತು.

ನಾನು ತಾಮ್ರ. ಎರಡು ತುದಿಗಳನ್ನು ಎಲ್ಲಿಗೆ ಕಚ್ಚಿಸಿದರೂ ಹೌದು ಅನ್ನುವುದಷ್ಟೇ ನನಗೆ ಬರುತ್ತದೆ. ಆ ಕಟ್ಟಡದಲ್ಲಿ ಇಲ್ಲ ಅನ್ನಲು ಬರುತ್ತಿದ್ದದ್ದು ಇಬ್ಬರಿಗೆ, ಬಾಗಿಲಿಗೆ ಮತ್ತು ಫಕೀರಪ್ಪನಿಗೆ. ಬಾಗಿಲನ್ನು ರಿಪೇರಿ ಮಾಡಿದ್ದಾರೆ.