ಸಿಡುಕು ಸುಡುವ ಸಂಜೆ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮಸತ್ಲಾನ್ ಬಂದರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಕಾರಣವಿಲ್ಲದೆ ನಾನು ಯಾರ ಮೇಲೂ ಹಾರಿಬಿದ್ದಿಲ್ಲ. ಹಡಗಿನಿಂದ ಇಳಿದವರಿಗೆ ಊರು ತೋರಿಸುವ ಗೈಡುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಈ ಒಫೆಲಿಯಾ ಸತಾರಾಯಿನ್‌ಗಿಂತ, ಅಂದರೆ ನನಗಿಂತ, ಚೆನ್ನಾಗಿ ತೋರಿಸುವವರು ಯಾರಾದರೂ ಇದ್ದರೆ ಎದುರಿಗೆ ಬರಲಿ, ನೋಡೇ ಬಿಡೋಣ. ಇಷ್ಟು ವರ್ಷದಲ್ಲಿ ಯಾರೂ ಬಂದಿಲ್ಲ.

ಅಂಥ ನಾನು ಕಾರ್ನಿವಲ್ ವಾರದ ಒಂದು ಬೆಳಗ್ಗೆ ಮನೆಯ ಬಾಗಿಲು ತೆಗೆದು ಹೊರಗೆ ಕಾಲಿಟ್ಟರೆ, ಎದುರು ಮನೆಯ ಬಾಲ್ಕನಿಯಲ್ಲಿ ನಾನೇ ನೇತಾಡುತ್ತಿದ್ದೆ.

ಹುಲ್ಲು ತುಂಬಿದ ಬೊಂಬೆ. ನನ್ನದೇ ನೀಲಿ ಬಣ್ಣದ ಉಡುಪು, ನನ್ನ ಹಾಗೆ ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ಗುಂಪಿಗೆ ದಾರಿ ತೋರಿಸಲು ನಾನು ಎತ್ತಿ ಹಿಡಿಯುವಂಥ ಹಳದಿ ಕೊಡೆ. ಹುಬ್ಬುಗಳನ್ನು ಎಷ್ಟು ಗಂಟಿಕ್ಕಿ ಹೊಲಿದಿದ್ದರೆಂದರೆ ನನಗೇ ಹೆದರಿಕೆಯಾಯಿತು. ತಲೆಯ ಮೇಲೆ ನಾನು ಕಳೆದುಕೊಂಡಿದ್ದ ಹುಲ್ಲಿನ ಹ್ಯಾಟು. ಮೈಯೆಲ್ಲ ಉರಿದುಹೋಯಿತು. ಆಮೇಲೆ, ಮುಚ್ಚಿಡುವುದೇನು, ಅಳು ಬಂತು.

ಕಾರ್ನಿವಲ್‌ನಲ್ಲಿ ನಮ್ಮೂರಿನವರು ಸಿಡುಕು ಸುಡುತ್ತಾರೆ. ವರ್ಷವಿಡೀ ಜನರ ತಲೆ ತಿಂದ ಯಾರದಾದರೂ ದೊಡ್ಡ ಬೊಂಬೆ ಮಾಡಿ ಕಡಲ ದಂಡೆಯಲ್ಲಿ ಬೆಂಕಿ ಇಡುತ್ತಾರೆ. ಊರಿನ ಸಿಡುಕೆಲ್ಲ ಬೂದಿಯಾದ ಮೇಲೆ ವಾದ್ಯ, ಕುಣಿತ. ಅದು ಊರಿನದು. ನಮ್ಮ ಕೊಕ್ಕರೆ ಬೀದಿಯವರು ಅದಕ್ಕೂ ಮುಂಚೆ ಅಪರೂಪಕ್ಕೊಮ್ಮೆ ತಮ್ಮದೇ ಪುಟ್ಟ ಬೊಂಬೆಯೊಂದನ್ನು ಕಟ್ಟುತ್ತಾರೆ. ಅದು ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ನಾನು ಹುಡುಗಿಯಾಗಿದ್ದಾಗ ಇದೇ ಬಾಲ್ಕನಿಯಲ್ಲಿ ನನ್ನ ಅಪ್ಪನ ಬೊಂಬೆಯನ್ನು ಕಟ್ಟಿದ್ದರು.

ಅಪ್ಪನ ಹೆಸರು ನಸಾರಿಯೊ, ದುರಾಂಗೊ ಕಡೆಯ ಗುಡ್ಡಗಾಡಿನವರು. ಅಮ್ಮನನ್ನು ಮದುವೆಯಾಗಿ ಈ ಬೀದಿಗೆ ಬಂದವರು. ಬಂದರಿನಲ್ಲಿ ಗೈಡ್ ಕೆಲಸ. ಹೊರಗಿನಿಂದ ಬಂದವರಾದರೂ ಈ ಊರಿನ ಒಂದೊಂದು ಕಲ್ಲಿನ ಕತೆಯನ್ನೂ ಕೇಳಿ ಕೇಳಿ ಕಲಿತಿದ್ದರು. ಯಾರಾದರೂ ಇಲ್ಲದ್ದನ್ನು ಸೇರಿಸಿ ಹೇಳಿದರೆ ಕೈಯಲ್ಲಿದ್ದ ಬೆತ್ತವನ್ನು ನೆಲಕ್ಕೆ ಕುಟ್ಟಿ ಅಲ್ಲೇ ಬೈಯುತ್ತಿದ್ದರು. ಆ ಸಂಜೆ ಕೆಲಸ ಮುಗಿಸಿ ಬಂದವರು ತಮ್ಮ ಬೊಂಬೆಯನ್ನು ನೋಡಿದರು. ಒಳಗೆ ಹೋಗಿ ಕಿಟಕಿ ಮುಚ್ಚಿದರು. ಅದೇ ವಾರ ನಾವು ಮನೆ ಖಾಲಿ ಮಾಡಿ ರೈಲು ನಿಲ್ದಾಣದ ಹತ್ತಿರದ ಮನೆಗೆ ಹೋದೆವು. ಅಪ್ಪ ಐಸ್ ಕಾರ್ಖಾನೆಗೆ ಸೇರಿದರು. ಸಾಯುವ ತನಕ ಈ ಊರಿನ ಬಗ್ಗೆ ಅವರ ಬಾಯಿಂದ ಒಂದು ಕತೆ ಹೊರಡಲಿಲ್ಲ. ಅವರ ಹಿಂದೆ ಹಿಂದೆ ನಡೆದು ನಾನು ಕೇಳಿಸಿಕೊಂಡಿದ್ದಷ್ಟೇ ಉಳಿಯಿತು, ಅದನ್ನೇ ನಾನು ಇವತ್ತಿಗೂ ಹೇಳುತ್ತಿರುವುದು. ಹೋದ ಮಳೆಗಾಲದಲ್ಲಿ ಈ ಬೀದಿಯಲ್ಲಿ ಮನೆ ಖಾಲಿಯಿದೆ ಅಂತ ತಿಳಿದಾಗ ಹಠಕ್ಕೆ ಬಿದ್ದವಳಂತೆ ವಾಪಸ್ಸು ಬಂದಿದ್ದೆ. ಬಂದದ್ದಕ್ಕೆ ಇದು ಬಹುಮಾನ.

ಮೂಲೆಯಲ್ಲಿ ರುತಿಲಿಯೊ ತನ್ನ ಪುಲ್ಮೋನಿಯಾ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮೇಲೊಂದು ಸೂರು ಬಿಟ್ಟರೆ ನಾಲ್ಕೂ ಕಡೆ ಬಯಲಾದ ಬಾಡಿಗೆ ಗಾಡಿ ಅದು. ಇದರಲ್ಲಿ ಕೂತರೆ ಪುಲ್ಮೋನಿಯಾ, ಅಂದರೆ ನ್ಯುಮೋನಿಯಾ, ಬರುತ್ತದೆ ಅಂತ ಹಿಂದೆ ಟ್ಯಾಕ್ಸಿಯವರು ಆಡಿಕೊಂಡರು, ಆ ಹೆಸರೇ ನಿಂತಿತು. ಅವನು ಓಡಿಸುತ್ತಾನೆ, ನಾನು ಮಾತಾಡುತ್ತೇನೆ. ನನ್ನ ಮಗಳ ಜ್ಞಾನಸ್ನಾನಕ್ಕೆ ಅವನೇ ಧರ್ಮಪಿತ. ಅಂದಿನಿಂದ ನಾನು ಅವನಿಗೆ ಕೊಮಾದ್ರೆ, ಧರ್ಮಮಗಳ ತಾಯಿ.

"ಇವತ್ತೇ ಕೊನೆ ರುತಿಲಿಯೊ. ಈ ಹಡಗಿನೋರನ್ನ ಸುತ್ತಿಸಿ, ಸಂಜೆ ಹೋಗಿ ಬಿಲ್ಲೆ ಕೊಟ್ಬಿಡ್ತೀನಿ."

"ಯಾವ ಬಿಲ್ಲೆ ಕೊಮಾದ್ರೆ?"

"ನನ್ನ ಎದೆ ಮೇಲಿರೋ ಗೈಡ್ ಬಿಲ್ಲೆ. ಮತ್ತಿನ್ಯಾವ್ದು, ನಿನ್ನ ಹಣೆ ಮೇಲಿರೋದಾ?"

"ಯಾಕೆ, ಏನಾಯ್ತು?"

"ಏನಾಯ್ತು ಅಂತ ನನ್ನನ್ನೇ ಕೇಳ್ತೀಯಾ! ಆ ಹ್ಯಾಟು ಎಲ್ಲಿಂದ ಬಂತು? ನಿನ್ನ ಗಾಡೀಲಿ ಮರೆತಿದ್ದೆ. ನೀನು ಸಿಗ್ಲಿಲ್ಲ ಅಂದೆ. ಗಾಳೀಲಿ ಹಾರ್ಹೋಯ್ತೇನೋ ಅಂದೆ."

ಅವನ ಕುತ್ತಿಗೆ ಕೆಂಪಗಾಯಿತು. "ಹಾರ್ಹೋಯ್ತು ಅಂದಿದ್ದು ನಿಜ. ಎಲ್ಲಿಗೆ ಅಂತ ನೀವು ಕೇಳ್ಲಿಲ್ಲ."

"ಹತ್ರ ಬಂದು ಎರಡು ಬಿಟ್ಟೆ ಅಂದ್ರೆ ಗೊತ್ತಾಗುತ್ತೆ. ಯಾಕೋ ಹೀಗ್ ಮಾಡಿದ್ರಿ? ನಾನು ನಿಮಗೇನು ಮಾಡಿದೀನಿ?"

"ಅದನ್ನ ನಾನು ಹೇಳೋ ಹಾಗಿಲ್ಲ."

"ಯಾಕೆ, ಬಾಯಿಗೆ ಹೊಲಿಗೆ ಹಾಕಿದಾರಾ?"

"ಹಾಗೇ ಅಂದ್ಕೊಳ್ಳಿ. ಸಂಜೆ ತನಕ ತಡ್ಕೊಳ್ಳಿ ಕೊಮಾದ್ರೆ, ನಿಮ್ಮ ಕಾಲಿಗೆ ಬೀಳ್ತೀನಿ."

ನಾನು ಹಲ್ಲು ಕಚ್ಚಿಕೊಂಡು ಗಾಡಿ ಹತ್ತಿದೆ. ಕೆಲಸ ಅಂದರೆ ಕೆಲಸ. ಕೊನೆಯದಾದರೂ ಅಚ್ಚುಕಟ್ಟಾಗಿ ಆಗಬೇಕು.

ಮಧ್ಯಾಹ್ನ ಹಡಗು ಬಂತು. ನನ್ನ ಪಾಲಿಗೆ ಕೆನಡಾದ ನಿವೃತ್ತ ಮೇಷ್ಟ್ರು ಹಾಲ್ವರ್ಸನ್, ಅವರ ಹೆಂಡತಿ, ಇಬ್ಬರು ನಾದಿನಿಯರು ಸಿಕ್ಕರು. ರುತಿಲಿಯೊ ಬೇಕೆಂದೇ ನಿಧಾನವಾಗಿ ಓಡಿಸಿದ. ನಾನು ಎಂದಿಗಿಂತ ಚೆನ್ನಾಗಿ ಮಾತಾಡಿದೆ. ನನಗೇ ಕೇಳಿಸುತ್ತಿತ್ತು, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಹಳೇ ನಾಟಕಶಾಲೆಯ ಮುಂದೆ ನಿಲ್ಲಿಸಿ, ಪ್ರಖ್ಯಾತ ಗಾಯಕಿಯೊಬ್ಬಳು ಬಂದಿಳಿದಾಗ ನಮ್ಮ ಜನ ಕುದುರೆ ಬಿಚ್ಚಿ ತಾವೇ ಸಾರೋಟು ಎಳೆದ ಕತೆ ಹೇಳಿದೆ. "ಈ ಊರಲ್ಲಿ ಯಾರನ್ನೇ ಕೇಳಿ, ನಮ್ಮ ಮುತ್ತಾತನೂ ಹಗ್ಗ ಹಿಡಿದಿದ್ದ ಅಂತಾರೆ. ಎಲ್ಲರೂ ನಿಜ ಹೇಳ್ತಿದ್ರೆ ಆ ಹಗ್ಗ ಇಲ್ಲಿಂದ ದೀಪಸ್ತಂಭದ ಗುಡ್ಡದ ತನಕ ಇರಬೇಕಾಗಿತ್ತು" ಅಂದೆ. ನಾದಿನಿಯರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ.

ಐಸ್ ಗುಡ್ಡದ ಬುಡದ ಗವಿಯ ಹತ್ತಿರ ಬಂದಾಗ ಹಾಲ್ವರ್ಸನ್ ಕತ್ತು ಚಾಚಿದರು.

"ಕಡಲ್ಗಳ್ಳರು ಚಿನ್ನ ಬಚ್ಚಿಟ್ಟಿದ್ದು ಇಲ್ಲೇ ತಾನೆ?"

"ಯಾರು ಹೇಳಿದ್ದು?"

"ಹೋದ ಸಲ ಬಂದಾಗಿನ ಗೈಡು. ಎಂಥ ಚೆನ್ನಾಗಿ ಹೇಳಿದ ಗೊತ್ತಾ!"

"ಚೆನ್ನಾಗೇ ಹೇಳಿರ್ತಾನೆ. ಸುಳ್ಳಿಗೆ ತಾನೆ ಅಲಂಕಾರ ಬೇಕಾಗೋದು! ಇಲ್ಲಿಟ್ಟಿದ್ದು ಐಸು ಸ್ವಾಮಿ. ಸಾನ್ ಫ್ರಾನ್ಸಿಸ್ಕೋದಿಂದ ಹಡಗಲ್ಲಿ ತಂದು, ಮೀನು ಕೆಡದ ಹಾಗೆ ಈ ಗುಡ್ಡದಲ್ಲಿ ಇಡ್ತಿದ್ರು. ಇಂಥ ಸುಡು ಬಿಸಿಲಲ್ಲಿ, ಅಷ್ಟು ದೂರದಿಂದ, ಕರಗೋ ವಸ್ತು ತಂದು ಕರಗದ ಹಾಗೆ ಇಟ್ಕೊಂಡಿದ್ರು ನಮ್ಮ ಜನ. ಅದರ ಮುಂದೆ ನಿಮ್ಮ ಚಿನ್ನ ಯಾವ ಲೆಕ್ಕ? ಚಿನ್ನ ಇಡೋಕೆ ಎಂಥ ದಡ್ಡನಿಗೂ ಬರುತ್ತೆ!"

ಕೊಡೆಯ ತುದಿಯಿಂದ ನೆಲಕ್ಕೆ ಕುಟ್ಟಿದ್ದೆ. ಕುಟ್ಟಿದ ಮೇಲೆ ಗೊತ್ತಾಯಿತು. ಮೇಷ್ಟ್ರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಹೆಂಡತಿ ಮಾತ್ರ, "ಇವರಿಗೆ ಹೀಗೆ ಹೇಳೋರು ಬೇಕಾಗಿತ್ತು" ಅಂತ ನನ್ನ ಕೈ ಹಿಡಿದುಕೊಂಡಳು. ಎಲ್ಲರಿಗೂ ಹುಣಸೆ ರಸ ಹಾಕಿದ ಐಸ್ ತುರಿ ಕೊಡಿಸಿದೆ. ಈ ಗುಡ್ಡದ ಕೆಳಗೆ ನಿಂತು ಇದನ್ನು ಹೇಳುವುದು ಇನ್ನು ಮುಗಿಯಿತಲ್ಲ ಅನ್ನಿಸಿತು. ಅಪ್ಪನಿಗೂ ಹೀಗೇ ಅನ್ನಿಸಿತ್ತೇನೋ. ಐಸ್ ಕಾರ್ಖಾನೆಯಲ್ಲಿ ದಿನಾ ಆ ಗಡ್ಡೆಗಳನ್ನು ನೋಡುತ್ತ ಏನು ಯೋಚಿಸುತ್ತಿದ್ದರೋ, ಪಾಪ.

ಹೊತ್ತು ಮುಳುಗುವ ಸಮಯಕ್ಕೆ ರುತಿಲಿಯೊ ಬಂದರಿನ ಕಡೆ ತಿರುಗಿಸಬೇಕಾದವನು ಎಡಕ್ಕೆ ತಿರುಗಿಸಿದ. ಕೊಕ್ಕರೆ ಬೀದಿಯ ಬಾಯಿಗೆ ಬಂದು ಗಾಡಿ ನಿಲ್ಲಿಸಿ ಕೀಲಿಕೈ ಕಿತ್ತು ಜೇಬಿಗೆ ಹಾಕಿಕೊಂಡ.

"ಗಾಡಿ ಕೆಟ್ಟೋಯ್ತು."

"ಕೀಲಿಕೈ ತೆಗೆದ್ರೆ ಯಾವ ಗಾಡಿ ಕೆಡಲ್ಲ ಹೇಳು! ಮರ್ಯಾದೆಯಾಗಿ ಹೊರಡಿಸು."

"ಕೊಮಾದ್ರೆ, ನಾನು ನಿಮ್ಮನ್ನ ಕರೀತಿಲ್ಲ. ಬನ್ನಿ ಅಂತ ಒಂದ್ ಮಾತು ಅಂದಿಲ್ಲ. ದೇವರಾಣೆ, ಅಂದಿಲ್ಲ. ಇವರೆಲ್ಲ ಸಾಕ್ಷಿ." ಅವನ ಕಣ್ಣಲ್ಲಿ ನೀರಿತ್ತು. ರುತಿಲಿಯೊ ಅಳುವುದನ್ನು ನಾನು ಫುಟ್‌ಬಾಲ್ ಸೋತಾಗ ಬಿಟ್ಟು ಬೇರೆ ಯಾವತ್ತೂ ಕಂಡಿರಲಿಲ್ಲ.

ಬೀದಿಯೊಳಗೆ ಜನ ಸೇರಿದ್ದರು. ತುತ್ತೂರಿಯವರು ತುತ್ತೂರಿ ಹಿಡಿದುಕೊಂಡು ಊದದೆ ನಿಂತಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಬ್ಬರೂ ಬಾ ಅನ್ನಲಿಲ್ಲ. ನನಗೆ ಆ ಕ್ಷಣ ಅಪ್ಪ ಕಾಣಿಸಿದರು, ಇದೇ ಮೂಲೆಯಲ್ಲಿ, ಇದೇ ಹೊತ್ತಿನಲ್ಲಿ, ತಲೆ ತಗ್ಗಿಸಿಕೊಂಡು. ಅವರ ಹಾಗೆ ನಾನೂ ಬಾಗಿಲು ಹಾಕಿಕೊಳ್ಳಬೇಕಾ? ನನಗೆ ಕೋಪ ಎಷ್ಟು ಬಂತೆಂದರೆ ನಾಚಿಕೆಗೆ ಜಾಗವೇ ಉಳಿಯಲಿಲ್ಲ. ಕೊಡೆಯನ್ನು ಎತ್ತಿ ಹಿಡಿದೆ.

"ಇಳೀರಿ ಎಲ್ಲರೂ" ಅಂದೆ ನನ್ನ ಗುಂಪಿಗೆ. "ಇನ್ನೊಂದು ಜಾಗ ಬಾಕಿಯಿದೆ."

ಬಾಲ್ಕನಿಯ ಕೆಳಗೆ ನಿಲ್ಲಿಸಿ, ಮೊದಲು ಅವರ ಭಾಷೆಯಲ್ಲಿ, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ನಮ್ಮ ಭಾಷೆಯಲ್ಲಿ ಶುರುಮಾಡಿದೆ.

"ಮೇಲೆ ನೋಡಿ. ಮಸತ್ಲಾನಿನ ಅತಿ ಕೆಟ್ಟ ಸಿಡುಕು. ಹೆಸರು ಒಫೆಲಿಯಾ. ಕಡಲ್ಗಳ್ಳರ ಹೆಸರು ಎತ್ತಿದ್ರೆ ಕಚ್ಚುತ್ತೆ, ಹುಷಾರು. ಮೂಗು ಸ್ವಲ್ಪ ದೊಡ್ಡದಾಗಿ ಹೊಲಿದಿದಾರೆ, ಅದೊಂದು ಸುಳ್ಳು, ಬಾಕಿ ಎಲ್ಲ ನಿಜ. ಇದೇ ಬಾಲ್ಕನಿಯಲ್ಲಿ ಇವಳಿಗೂ ಮುಂಚೆ ಒಬ್ಬರು ನೇತಾಡಿದ್ರು. ನಸಾರಿಯೊ ಸತಾರಾಯಿನ್. ಈ ಊರಲ್ಲಿ ಹುಟ್ಟಿದವರಲ್ಲ, ಆದರೆ ಈ ಊರನ್ನ ಅವರಷ್ಟು ಪ್ರೀತಿಸಿದವರು ಇನ್ನೊಬ್ಬರಿಲ್ಲ. ಅವರನ್ನ ಈ ಬೀದಿಯವರು ಸುಟ್ಟರು. ಅದು ಚರಿತ್ರೆ. ನಾನು ಚರಿತ್ರೇನ ಇದ್ದ ಹಾಗೆ ಹೇಳ್ತೀನಿ, ಯಾರಿಗೆ ಬೇಜಾರಾದ್ರೂ ಸರಿ."

"ಸುಡ್ಲಿಲ್ಲ."

ಬೊಂಬೆ ಹೊಲಿಯುವ ದೋನ್ಯಾ ಎಲೋಯಿಸಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎಂಬತ್ತು ದಾಟಿದ ಮುದುಕಿ, ಬೀದಿಯವರೆಲ್ಲ ಗೌರವಕ್ಕೆ ದೋನ್ಯಾ ಅನ್ನುತ್ತಾರೆ, ಮಾತಾಡುವುದೇ ಅಪರೂಪ.

"ಏನಂದ್ರಿ ದೋನ್ಯಾ?"

"ಸುಡ್ಲಿಲ್ಲ ಅಂದೆ ಕಣೇ. ಈಗ ನೀನಾಗೇ ಬಂದ್ಯಲ್ಲ, ಈಗ ಹೇಳ್ಬೋದು. ಊರಿನೋರು ಆಗದೋರನ್ನ ಸುಡ್ತಾರೆ. ಇಲ್ಲಿ ನಮಗೆ ಬೇಕಾದೋರದ್ದೇ ಬೊಂಬೆ ಕಟ್ಟೋದು. ಬೊಂಬೆ ಯಾರದ್ದೋ ಅವರೇ ಬಂದು ಬೆಂಕಿ ಇಡಬೇಕು. ಬೇರೆಯೋರು ಮುಟ್ಟೋ ಹಾಗಿಲ್ಲ. ಬಾ ಅಂತ ಕರೆಯೋ ಹಾಗೂ ಇಲ್ಲ. ನಗ್ತಾ ಬಂದು ಹಚ್ಚಿದ್ರೆ ಅವತ್ತಿಂದ ಅವರು ಈ ಬೀದಿಯೋರು. ನಿಮ್ಮಮ್ಮನಿಗೆ ಇದೆಲ್ಲ ಗೊತ್ತಿತ್ತು. ಅವಳೂ ಹೇಳೋ ಹಾಗಿರ್ಲಿಲ್ಲ. ನಿಮ್ಮಪ್ಪ ಹೊರಗಿನೋನು, ನಮ್ಮೋನು ಮಾಡ್ಕೊಳ್ಳೋಣ ಅಂತ ಕಟ್ಟಿದ್ವಿ. ಅವನು ಬರ್ತಾನೆ ಅಂತ ಬೆಂಕಿಪೊಟ್ಟಣ ಹಿಡ್ಕೊಂಡು ಕೂತೇ ಇದ್ವಿ. ಬರ್ಲಿಲ್ಲ."

"ಆಮೇಲಾದ್ರೂ ಹೇಳಬೋದಿತ್ತಲ್ಲ!" ಅಂತ ಕೂಗಿಬಿಟ್ಟೆ.

"ಪದ್ಧತಿ ಮುರಿದು ರೈಲು ನಿಲ್ದಾಣದ ಹತ್ರ ನಿಮ್ಮನೆ ತನಕ ನಾನೇ ಹೋದೆ. ಅವನು ಬಾಗಿಲು ತೆಗೀಲಿಲ್ಲ. ಕಿಟಕಿ ಹಿಂದೆ ನಿಂತಿದ್ದ, ನೆರಳು ಕಾಣ್ತಿತ್ತು. ನನಗೂ ಸಿಟ್ಟು ಬಂತು, ವಾಪಸ್ಸು ಬಂದ್ಬಿಟ್ಟೆ. ತಪ್ಪು ಮಾಡಿದೆ. ಕೂಗಿ ಹೇಳ್ಬೇಕಾಗಿತ್ತು."

ಅವಳು ಒಳಗೆ ಹೋಗಿ, ತುಂಬ ಹೊತ್ತು ಹುಡುಕಿ, ಒಂದು ಗಂಟು ತಂದಳು. ಹುಲ್ಲೆಲ್ಲ ಉದುರಿಹೋಗಿ ಬೊಂಬೆ ಬರೀ ಬಟ್ಟೆಯಾಗಿತ್ತು. ಹುಬ್ಬು ಮಾತ್ರ ಹಾಗೇ ಗಂಟಿಕ್ಕಿಕೊಂಡಿತ್ತು, ಅಪ್ಪನದೇ ಹುಬ್ಬು. ಅದರ ಜೊತೆ ಪೊರಕೆಯ ಹಿಡಿಕೋಲು ಕತ್ತರಿಸಿ ಮಾಡಿದ ಬೆತ್ತ. ನಾನು ಅದನ್ನು ಎದೆಗವಚಿಕೊಂಡು ಅತ್ತೆ, ಬೀದಿಯೆಲ್ಲ ನೋಡುವ ಹಾಗೆ, ಮೇಷ್ಟ್ರೂ ನಾದಿನಿಯರೂ ನೋಡುವ ಹಾಗೆ. ನನಗೇನೂ ನಾಚಿಕೆಯಾಗಲಿಲ್ಲ.

ರುತಿಲಿಯೊ ಬೆಂಕಿಪೊಟ್ಟಣ ಚಾಚಿದ. ನನ್ನ ಬೊಂಬೆಯನ್ನು ಕೆಳಗಿಳಿಸಿ ಬೀದಿಯ ನಡುವೆ ನಿಲ್ಲಿಸಿದ್ದರು. ಮೊದಲು ಹ್ಯಾಟು ಕಿತ್ತುಕೊಂಡು ನನ್ನ ತಲೆಗೆ ಹಾಕಿಕೊಂಡೆ. ಒಳ್ಳೇ ಹ್ಯಾಟು, ಸುಡುವುದಕ್ಕೆ ನನಗೇನು ಹುಚ್ಚೇ? ಕಡ್ಡಿ ಗೀರಿ ಲಂಗದ ಅಂಚಿಗೆ ಹಿಡಿದೆ. ಧಗ್ಗನೆ ಹತ್ತಿತು. ತುತ್ತೂರಿಗಳು ಒಟ್ಟಿಗೆ ಊದಿದವು, ಮನೆ ಮನೆಯ ಹೆಂಗಸರು ಸೀಗಡಿ ಕಡುಬಿನ ತಟ್ಟೆ ಹೊರಗೆ ತಂದರು, ಹಾಲ್ವರ್ಸನ್‌ರ ಹೆಂಡತಿ ಯಾರನ್ನೋ ಹಿಡಿದುಕೊಂಡು ಕುಣಿಯತೊಡಗಿದಳು.

"ಅವನದ್ದನ್ನೂ ಹಾಕು" ಅಂದಳು ದೋನ್ಯಾ ಎಲೋಯಿಸಾ. "ನೀನು ಅವನ ಮಗಳು. ನೀನು ಹಚ್ಚಿದ್ರೆ ಅವನು ಹಚ್ಚಿದ ಹಾಗೇ."

ಗಂಟನ್ನು ಬೆಂಕಿಯ ತನಕ ತೆಗೆದುಕೊಂಡು ಹೋದೆ. ಬಟ್ಟೆಯನ್ನು ಮೆಲ್ಲಗೆ ಬೆಂಕಿಗಿಟ್ಟು, "ಬಾ ಅಪ್ಪ, ಬೀದಿಗೆ ಬಾ" ಅಂದೆ. ಬೆತ್ತವನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡೆ.

"ಅದೂ" ಅಂದಳು ಮುದುಕಿ.

"ಇಲ್ಲ ದೋನ್ಯಾ. ನನ್ನ ಸಿಡುಕು ಬೇಕಾದ್ರೆ ವರ್ಷ ವರ್ಷಾನೂ ಸುಡಿ. ಅಪ್ಪನ ಸಿಡುಕು ಸುಡಬೇಡಿ. ಅದು ನನಗೆ ಕೆಲಸಕ್ಕೆ ಬೇಕು."

ಮಾರನೇ ಬೆಳಗ್ಗೆ ಹೊಸ ಹಡಗು ಬಂತು. ಬಿಲ್ಲೆ ಎದೆಯ ಮೇಲಿತ್ತು, ಹ್ಯಾಟು ತಲೆಯ ಮೇಲಿತ್ತು, ಕೊಡೆಯನ್ನು ಮನೆಯಲ್ಲೇ ಬಿಟ್ಟಿದ್ದೆ. ಪಕ್ಕದ ಗುಂಪಿನ ಗೈಡು ಗುಡ್ಡದ ಕಡೆ ಕೈ ತೋರಿಸಿ ಕಡಲ್ಗಳ್ಳರು ಅಂತ ಬಾಯಿ ತೆರೆದನಷ್ಟೇ. ನಾನು ಪೊರಕೆ ಕೋಲಿನ ಬೆತ್ತವನ್ನು ನೆಲಕ್ಕೆ ಕುಟ್ಟಿದೆ.