ಮುತ್ಯಾನ ಎಮ್ಮೆ, ಮೊಮ್ಮಗಳ ನೀಲಿ ಚುಕ್ಕಿ

ನಮ್ಮ ಊರಿಗೆ ಹೊಸಬರು ಬಂದರೆ ಮೊದಲು ದಾರಿ ತಪ್ಪುತ್ತಾರೆ, ಆಮೇಲೆ ಮನೆ ತಪ್ಪುತ್ತಾರೆ. ಭೂಕಂಪದಲ್ಲಿ ಹಳೇ ಊರು ಬಿದ್ದ ಮೇಲೆ ಮೂರು ಕಿಲೋಮೀಟರ್ ಆಚೆ ಈ ಹೊಸ ಊರು ಎದ್ದಿತು. ಸಾಲು ಸಾಲು ಮನೆ, ಎಲ್ಲವೂ ಒಂದೇ ಅಚ್ಚು. ಮೂವತ್ತು ವರ್ಷ ದಾಟಿದರೂ ಪಕ್ಕದ ಮನೆಯ ಅಜ್ಜ ಮನ್ಮಥಪ್ಪ ಮುತ್ಯಾ ವಾರಕ್ಕೊಮ್ಮೆ ನಮ್ಮ ಮನೆಗೆ ನುಗ್ಗಿ, ಗೋಡೆಗೊರಗಿ ಕೂತು, "ಚಾ ತಾ" ಅನ್ನುತ್ತಾರೆ. ನಾನು, ಜಯಮಾಲಾ, ಕೊಡುತ್ತೇನೆ. ಅರ್ಧ ಕುಡಿದ ಮೇಲೆ, "ಅದಕ್ಕೇ ಚಾ ಛಲೋ ಆಗ್ಯಾದ, ಇದು ನಮ್ಮ ಮನಿ ಅಲ್ಲ" ಎಂದು ಎದ್ದು ಹೋಗುತ್ತಾರೆ.

ಇಂಥ ಮುತ್ಯಾ ಒಂದು ದಿನ ಮೊಮ್ಮಗಳು ಪ್ರಣಿತಾಳ ಕೈಯಿಂದ ಫೋನು ಕಿತ್ತುಕೊಂಡರು. ಅವಳು ಏಳನೇ ತರಗತಿ. ಫೋನಿನ ನಕ್ಷೆ ಆಪ್ ನೋಡಿ ನಮ್ಮ ಊರಿನ ನಕ್ಷೆ ಮಾಡಿ ತನ್ನಿ ಎಂದು ವಿಜ್ಞಾನದ ಸುಮಂಗಲಾ ಮ್ಯಾಡಂ ಹೇಳಿದ್ದರು.

"ವಿಜ್ಞಾನ ಪುಸ್ತಕದಾಗ ಇರ್ತದ. ಫೋನಿನ್ಯಾಗ ಬರೇ ಕುಣಿಯೋರು ಇರ್ತಾರ" ಎಂದು ಮುತ್ಯಾ ಅದನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟರು.

ಸುದ್ದಿ ತಿಳಿದು ಮ್ಯಾಡಂ ಮನೆಗೇ ಬಂದರು.

"ಮುತ್ಯಾ, ಹುಡುಗಿ ಆಟ ಆಡಲಾಕ ಕೇಳಿಲ್ರೀ. ನಾವು ಎಲ್ಲಿ ಇದ್ದೀವಿ, ನೀರಿನ ಟಾಕಿ ಯಾವ ದಿಕ್ಕಿಗದ, ಎಷ್ಟು ದೂರ ಅದ, ಕಡೀ ಸಾಲಿಗಿ ನೀರ ಯಾಕ ಬರಂಗಿಲ್ಲ, ಇದೆಲ್ಲ ಆಕಿ ತಾನೇ ನೋಡಿ ಕಲೀಬೇಕು."

"ನೀರ ಯಾಕ ಬರಂಗಿಲ್ಲ ಅಂತ ನಂಗ ಕೇಳ್ರಿ. ಸರಪಂಚ ಬಿಡಂಗಿಲ್ಲ."

"ಅಲ್ರೀ, ಕಡೀ ಸಾಲು ಎತ್ತರದಾಗ ಅದ. ಹುಡುಗ್ರು ಆಪ್‌ನಾಗ ನೋಡಿ ಹೇಳ್ಯಾರ."

ಮುತ್ಯಾ ಮೀಸೆ ತಿರುವಿದರು. "ಇರಲಿ. ಸರಪಂಚಗ ನಾ ಬೈದದ್ದು ಹಿಂದಕ್ಕ ತಗೊಳಂಗಿಲ್ಲ."

ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ.

ಮರುದಿನ ಮಧ್ಯಾಹ್ನ ಅವರ ಎಮ್ಮೆ ಚಂದ್ರಿಗೆ ಹೆರಿಗೆ ಬೇನೆ ಬಂತು. ಚಂದ್ರಿ ಎಂದರೆ ಮುತ್ಯಾಗೆ ಜೀವ. ಹೆಂಡತಿ ಉಂಡಳೋ ಇಲ್ಲವೋ ಕೇಳದ ಮನುಷ್ಯ ಚಂದ್ರಿ ಮೇವು ಬಿಟ್ಟರೆ ತಾವೂ ಊಟ ಬಿಡುತ್ತಾರೆ. ಕರುವಿನ ಒಂದೇ ಕಾಲು ಹೊರಗೆ ಬಂದು ಅಲ್ಲೇ ನಿಂತಿತು. ಚಂದ್ರಿ ನೆಲಕ್ಕೆ ಕುಸಿದಳು. ಮುತ್ಯಾ ಫೋನು ಮಾಡಿದ್ದೇ ತಡ, ಹತ್ತಿರದ ಪಟ್ಟಣ ಉಮರ್ಗಾದ ದನದ ಡಾಕ್ಟರು ಅಮರನಾಥ ಬೈಕ್ ಹತ್ತಿದರು. ಈ ಭಾಗಕ್ಕೆ ಅವರು ಹೊಸಬರು. ಒಂದು ತಾಸಾಯಿತು, ಪತ್ತೆ ಇಲ್ಲ. ಮುತ್ಯಾ ತಮ್ಮ ಗುಂಡಿ ಫೋನಿನಲ್ಲಿ ಕೂಗಿದರು.

"ಡಾಕ್ಟರ್ ಸಾಹೇಬ್ರ, ಎಲ್ಲಿದ್ದೀರಿ?"

"ನಿಮ್ಮ ಊರಾಗೇ ಇದ್ದೀನ್ರೀ. ಊರ ಹೆಸರು ಹಾಕಿದ್ರ ಫೋನು ಇಲ್ಲಿ ತಂದು ನಿಲ್ಲಿಸ್ಯಾದ. ಮುಂದ ಹ್ಯಾಂಗ ಬರ್ಲಿ?"

"ಊರ ಅಗಸಿ ಬಾಗಲಾ ದಾಟ್ರಿ. ಪಾಟೀಲರ ವಾಡೆದ ಹಿಂದ ದೊಡ್ಡ ಬೇವಿನ ಗಿಡ ಅದ. ಅದರ ಎದುರಿಗೇ ನಮ್ಮ ಮನಿ."

"ಹಾಂ, ಬೇವಿನ ಗಿಡ ಸಿಕ್ತು!"

"ಬಾಗಲಾ ಬಡೀರಿ!"

"ಬಾಗಲಾ ಇಲ್ರೀ."

"ಇಲ್ಲಂದ್ರ?"

"ಗ್ವಾಡಿನೂ ಇಲ್ರೀ. ಜಾಲಿಕಂಟಿ ಅದ. ಒಂದು ಮುಂಗಸಿ ಕುಂತು ನನ್ನೇ ನೋಡ್ಲಾಕತ್ತದ."

ಫೋನು ಡಾಕ್ಟರನ್ನು ಹಳೇ ಊರಿಗೆ ಒಯ್ದಿತ್ತು. ಮುತ್ಯಾ ಗಾಬರಿಯಲ್ಲಿ ಹೇಳಿದ್ದೂ ಬಿದ್ದು ಹೋದ ಮನೆಯ ದಾರಿಯೇ. ಅವರು ಚಂದ್ರಿಯ ತಲೆ ಹಿಡಿದು ಅಳತೊಡಗಿದರು, ಕೂಗು ಕೇಳಿ ಓಡಿ ಬಂದಿದ್ದ ನನಗೂ ಸಂಕಟವಾಯಿತು.

ಹೆಂಡತಿ ಕಸ್ತೂರಬಾಯಿ ಒಳಗೆ ಹೋದರು. ಜೋಳದ ಡಬ್ಬಿಯನ್ನು ತಂದು ತಗಡು ಹೊದಿಸಿದ ಅಂಗಳದಲ್ಲಿ ಬೋರಲು ಹಾಕಿದರು. ಕೋಳಿಗಳಿಗೆ ಹಬ್ಬ. ಪ್ರಣಿತಾ ಫೋನು ಒರೆಸಿಕೊಂಡು ಹೊರಗೆ ಓಡಿದಳು.

"ಎಲ್ಲಿ ಓಡ್ತಿ? ಎಮ್ಮಿ ಇಲ್ಲಿ ಅದ!"

"ಈ ತಗಡಿನ ಪತ್ರಾದ ಕೆಳಗ ಚುಕ್ಕಿ ತಪ್ಪ ತೋರಿಸ್ತದ ಮುತ್ಯಾ. ಬಯಲಾಗ ನಿಂದ್ರಬೇಕು." ಪರದೆಯಲ್ಲಿ ನೀಲಿ ಚುಕ್ಕಿ, ಅದರ ಸುತ್ತ ದೊಡ್ಡ ವರ್ತುಲ. "ಇದು ಸಣ್ಣದಾಗೋ ತನಕ ತಡೀರಿ. ಈಗ ಜಯಮಾಲಾ ಅತ್ತಿ ಮನಿನೂ ನಮ್ಮ ಮನಿನೂ ಒಂದೇ ಅಂತದ."

"ನಂಗೂ ಹಂಗೇ ಆಗ್ತದಲ್ಲ!" ಎಂದರು ಮುತ್ಯಾ, ಅಳುವಿನ ನಡುವೆಯೂ.

ವರ್ತುಲ ಕುಗ್ಗಿತು. ಪ್ರಣಿತಾ ಚುಕ್ಕಿ ತೋರಿಸಿದ ಜಾಗವನ್ನು ಡಾಕ್ಟರ ಫೋನಿಗೆ ಕಳಿಸಿ, ಅವರಿಗೆ ಫೋನು ಹಚ್ಚಿದಳು. "ಕಾಕಾ, ಹತ್ರದ ದಾರಿ ಹಿಡೀಬ್ಯಾಡ್ರಿ. ಅದು ನಾಲಾ ದಾಟ್ತದ, ಮೊನ್ನಿ ಮಳಿ ಆಗ್ಯಾದ, ಕರಿ ಮಣ್ಣಿನ್ಯಾಗ ಗಾಡಿ ಸಿಕ್ಕೋತದ. ಹಿಂದಕ್ಕ ಡಾಂಬರ ರಸ್ತಾಕ್ಕ ಹೋಗಿ ಬರ್ರಿ. ದೂರ ಆಗ್ತದ, ಆದ್ರ ಮುಟ್ತೀರಿ."

ಹತ್ತು ನಿಮಿಷಕ್ಕೆ ಬೈಕ್ ನೇರ ಬಂದು ಮುತ್ಯಾನ ಬಾಗಿಲಿಗೇ ನಿಂತಿತು. ನಮ್ಮ ಬಾಗಿಲಿಗಲ್ಲ! ಡಾಕ್ಟರು ತೋಳು ತೊಳೆದು, ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಸರಿಮಾಡಿ ಕರು ಎಳೆದರು. ಹೆಣ್ಣು ಕರು. ಚಂದ್ರಿ ಅದನ್ನು ನೆಕ್ಕತೊಡಗಿದಾಗ ಮುತ್ಯಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

"ಅಂದ್ರ ಫೋನು ತಪ್ಪಿತು, ಹುಡುಗಿ ತಪ್ಪಲಿಲ್ಲ?"

"ಫೋನು ಬರೇ ತೋರಿಸ್ತದ, ವಿಚಾರ ನಾವು ಮಾಡಬೇಕು ಅಂತ ಮ್ಯಾಡಂ ಹೇಳ್ಯಾರ" ಎಂದಳು ಪ್ರಣಿತಾ.

ಭಾನುವಾರ ಮುತ್ಯಾ ಇಡೀ ತರಗತಿಯನ್ನು ಹಳೇ ಊರಿಗೆ ಕರೆದೊಯ್ದರು. ಮ್ಯಾಡಂ ಜೊತೆಗಿದ್ದರು, ನಾನೂ ಹೋಗಿದ್ದೆ. ಅಗಸಿ ಇಲ್ಲಿ, ಬಾವಿ ಅಲ್ಲಿ ಎಂದು ಅವರು ಕೋಲಿನಿಂದ ತೋರಿಸಿದರೆ ಮಕ್ಕಳು ನಕ್ಷೆಯಲ್ಲಿ ಗುರುತು ಹಾಕಿದರು. ಬೇವಿನ ಗಿಡದೆದುರು ಮುತ್ಯಾ ಕೋಲು ನೆಲಕ್ಕೂರಿ ನಿಂತರು.

"ಇಲ್ಲೂ ಹಾಕು ಪ್ರಣಿತಾ. ಮನ್ಮಥಪ್ಪನ ಮನಿ ಇಲ್ಲಿ ಇತ್ತು ಅಂತ. ಇತ್ತು ಅಂತ ಸಾಫ್ ಬರಿ. ಮತ್ತ ಯಾವ ಡಾಕ್ಟರೂ ಇಲ್ಲಿ ಬರಬಾರದು."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮಗು ಶಾಲೆಯ ಪಾಠಕ್ಕೆ ಫೋನು ಕೇಳಿದರೆ ಗದರಿಸಬೇಡಿ. ದಿನಕ್ಕೆ ಅರ್ಧ ತಾಸು ಕೊಡಿ, ಪಕ್ಕದಲ್ಲೇ ಕೂತುಕೊಳ್ಳಿ. ನಾವು ಎಲ್ಲಿದ್ದೇವೆ, ಬಾವಿ ಯಾವ ದಿಕ್ಕು, ಹಳ್ಳ ಎತ್ತ ಹರಿಯುತ್ತದೆ, ಯಾಕೆ ಅತ್ತಲೇ ಎಂದು ಕೇಳಿ. ಫೋನು ಹೇಳಿದ್ದನ್ನು ಕಾಲ್ನಡಿಗೆಯಲ್ಲಿ ಹೋಗಿ ತಾಳೆ ನೋಡಿ. ಮನೆಯ ಜಾಗವನ್ನು ಗುರುತಿದ್ದವರಿಗೆ ಮಾತ್ರ ಕಳಿಸಿ. ಹಳಬರಿಗೆ ಗೊತ್ತಿದ್ದದ್ದನ್ನು ಮಕ್ಕಳ ನಕ್ಷೆಗೆ ಸೇರಿಸಿ.

ಮುತ್ಯಾ ಈಗಲೂ ನಮ್ಮ ಮನೆಗೆ ಚಹಾಕ್ಕೆ ಬರುತ್ತಾರೆ. ಕೇಳಿದರೆ, "ಇವತ್ತ ವರ್ತುಲ ದೊಡ್ಡದಾಗ್ಯಾದ" ಅನ್ನುತ್ತಾರೆ. ಬರಲಿ ಬಿಡಿ. ನೀವು ಮಾತ್ರ ಇವತ್ತೇ ಹೋಗಿ ನಿಮ್ಮ ಮನೆಯ ಜೋಳದ ಡಬ್ಬಿ ತೆಗೆದು ನೋಡಿ.